ತಮ್ಮನ ರಿಪೋರ್ಟ್

"ನನ್ನ ತಮ್ಮ ಅದಿಲೆತ್‌ನ ರಿಪೋರ್ಟ್ ಬೇಕಿತ್ತು. ಏನೂ ಮುಚ್ಚಿಡಬೇಡಿ."

ಲ್ಯಾಬಿನ ಕಿಟಕಿಯಲ್ಲಿ ನಿಂತವನ ದನಿಗೆ ಬೆಗಿಮಾಯ್ ತಲೆಯೆತ್ತಿದಳು.

ನಮ್ಮ ಓಶ್ ನಗರದ ಒಂದು ಆಸ್ಪತ್ರೆಯಲ್ಲಿ ಅವಳ ಕೆಲಸ ಲಿವರ್ ಕಾಯಿಲೆಯವರ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಅಳೆಯುವುದು. ಲಿವರ್ ಕೆಟ್ಟಷ್ಟೂ ಆ ಅಂಕಿ ಇಳಿಯುತ್ತೆ. ರಕ್ತ ತೆಗೆಯೋದು ಕೆಳಗಿನ ಮಹಡಿಯಲ್ಲಿ. ಅವಳ ಕೈಗೆ ಬರೋದು ಹೆಸರು ಅಂಟಿಸಿದ ಶೀಶೆ ಮಾತ್ರ.

ನಮ್ಮಲ್ಲಿ ರೋಗಿಗೆ ನಿಜ ಹೇಳಲ್ಲ, ಮನೆಯವರಿಗೆ ಹೇಳ್ತೀವಿ. ರೋಗಿ ಎದೆಗುಂದಬಾರದಂತೆ. ದೊಡ್ಡ ಕರುಣೆ ನಮ್ಮದು!

ರೋಗಿ ಎಲ್ಲಿ ಅಂತ ಕೇಳಿದಳು. ಹೊರಗೆ ಸೂರ್ಯಕಾಂತಿ ಬೀಜ ತಿಂತಾ ಕೂತಿದಾನೆ ಅಂದ. ನಂಬಿದಳು, ಹೇಳಿಬಿಟ್ಟಳು. ಹಾರ್ಮೋನ್ ಅರ್ಧಕ್ಕೆ ಬಂದಿದೆ, ಇಷ್ಟು ಇಳಿದವರಲ್ಲಿ ಅರ್ಧ ಜನ ಎರಡನೇ ವಸಂತ ನೋಡಲ್ಲ ಅಂದಳು.

"ಅವನು ಮದುವೆ ಆಗಬಹುದಾ?"

"ಯಾರದೋ ಮಗಳ ಬಾಳು ಹಾಳು ಮಾಡಬೇಡ ಅಂತ ಹೇಳಿ ಅವನಿಗೆ."

ಅವನು ಥ್ಯಾಂಕ್ಸ್ ಹೇಳಿ, ಜೇಬಿನಿಂದ ಒಂದು ಹಿಡಿ ಒಣ ಜರ್ದಾಳು ತೆಗೆದು ಕಿಟಕಿಯಲ್ಲಿಟ್ಟು ಹೋದ.

ಹೆಸರು ತಾಲಾಯ್ ಅಂತ ಹೇಳಿಕೊಂಡಿದ್ದ. ತಿಂಗಳಿಗೊಮ್ಮೆ ಬಂದ. ಆಮೇಲೆ ವಾರಕ್ಕೊಮ್ಮೆ, ರಿಪೋರ್ಟ್ ಇಲ್ಲದಿದ್ದರೂ ಬಂದ. ಅಲ್ಲಮ್ಮಾ, ಲಿವರ್ ಲ್ಯಾಬಿನವಳಿಗೆ ಅವನ ಕಣ್ಣಂಚಿನ ಹಳದಿ ಕಾಣಲಿಲ್ವಾ ಅಂತ ನೀವು ಕೇಳಬಹುದು. ಹುಡುಗಿಗೆ ಆ ಕಣ್ಣನ್ನ ನೇರ ನೋಡೋಕೇ ನಾಚಿಕೆ!

ಆರನೇ ತಿಂಗಳು, ಟೀ ಕುಡಿಯುವಾಗ, ಅವಳೇ ಮದುವೆ ಮಾತೆತ್ತಿದಳು. ಅವನು ಟೀ ಬಟ್ಟಲು ಕೆಳಗಿಟ್ಟು, ಶನಿವಾರ ಅಮ್ಮ ಓಲೆ ಹಾಕೋಕೆ ಬರ್ತಾರೆ ಅಂದ. ಹುಡುಗನ ತಾಯಿ ಬಂದು ಕಿವಿಗೆ ಓಲೆ ಹಾಕಿದರೆ ನಮ್ಮಲ್ಲಿ ಮದುವೆ ಗಟ್ಟಿಯಾದಂಗೆ.

ಶನಿವಾರ ಅವಳ ಮನೆಯಲ್ಲಿ ಹಿಟ್ಟಿನ ಬೋರ್ಸೋಕ್ ತಿಂಡಿ ಕರಿದರು, ನೆಂಟರು ಬಂದರು. ಓಲೆ ಬರಲಿಲ್ಲ...

ಚಿಕ್ಕಮ್ಮ ಬೋರ್ಸೋಕ್ ಜಗಿಯುತ್ತಲೇ, ಕಿವಿ ಖಾಲಿ ಇದ್ರೆ ಹಗುರ ಬಿಡೇ ಅಂದಳು. ಎಲ್ಲರೂ ನಕ್ಕರು. ಬೆಗಿಮಾಯ್ ಕೂಡ ನಗಬೇಕಾಯಿತು. 'ನನ್ನಲ್ಲೇನು ಕಮ್ಮಿ ಕಂಡಿತು ಅವನಿಗೆ?'

ಮೂರು ವಾರ ಕಳೆದ ಮೇಲೆ ಅದಿಲೆತ್‌ನ ಶೀಶೆ ಬಂತು, ಈ ಸಲ ವಾರ್ಡಿನಿಂದ. ಅಂಕಿ ಪಾತಾಳಕ್ಕೆ ಇಳಿದಿತ್ತು. 'ಅಣ್ಣ ಎಲ್ಲಿ ಅಡಗಿದಾನೆ ಅಂತ ತಮ್ಮನನ್ನೇ ಕೇಳ್ತೀನಿ' ಅಂತ ರಿಪೋರ್ಟ್ ಹಿಡಿದು ದಡದಡ ವಾರ್ಡಿಗೆ ಹೋದಳು.

ಹಾಸಿಗೆಯಲ್ಲಿ ಮಲಗಿದ್ದವನು ತಾಲಾಯ್!

ಬಾಗಿಲಲ್ಲೇ ಅವನ ತಾಯಿ ಅವಳ ಕೈ ಹಿಡಿದು ಪಿಸುಗುಟ್ಟಿದರು. "ಏನೂ ಹೇಳಬೇಡಮ್ಮಾ... ಅದಿಲೆತ್‌ಗೆ ಏನೂ ಗೊತ್ತಿಲ್ಲ. ನನಗಿರೋದು ಇವನೊಬ್ಬನೇ."

ಅಣ್ಣನೇ ಇಲ್ಲ, ತಾಲಾಯ್ ಅಂದುಕೊಂಡವನೇ ಅದಿಲೆತ್. ಆವತ್ತು ಕಿಟಕಿಯಲ್ಲಿ, ಅವನ ಸಾವನ್ನ ಅವನ ಮುಖಕ್ಕೇ ಹೇಳಿದ್ದಳು.

"ಆ ಶನಿವಾರ ಅಮ್ಮನನ್ನ ನಾನೇ ತಡೆದೆ," ಅಂದ ಅವನು ಹಾಸಿಗೆಯಿಂದಲೇ. "ಯಾರದೋ ಮಗಳ ಬಾಳು ಅಂತ ನೀನೇ ಹೇಳಿದ್ದೆ."

ಆ ಮಾತು ಕೇಳಿ ತಾಯಿ ಅವಳ ಕೈ ಬಿಟ್ಟರು. ಮಗನಿಗೆ ಎಲ್ಲಾ ಗೊತ್ತು ಅಂತ ಅವರಿಗೆ ಗೊತ್ತಾಗಿದ್ದು ಆಗಲೇ.

"ಆ ಮಗಳು ನಾನು," ಅಂದಳು ಬೆಗಿಮಾಯ್. ಅಳು ತಡೆಯಲಾಗಲಿಲ್ಲ. "ನನ್ನ ಬಾಳು ಹಾಳಾಗೋದು ನೀನಿಲ್ಲದ ಕಡೆ. ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ಅವನು ಅವಳ ಕೈಯಲ್ಲಿದ್ದ ಕಾಗದ ನೋಡಿದ. "ಈ ಸಲ ಎಷ್ಟು?"

ಸುಳ್ಳು ನಾಲಿಗೆ ತುದಿಗೆ ಬಂತು. ಆದರೆ ನಿಜ ಹೇಳುವವಳು ಅಂತಲೇ ಅಲ್ಲವಾ ಅವನು ತನ್ನ ಕಿಟಕಿಗೆ ಬರ್ತಿದ್ದದ್ದು...

"ಇಳಿದಿದೆ."

"ತುಂಬಾನಾ?"

"ತುಂಬಾ."

ಅದಿಲೆತ್ ನಕ್ಕ. ಹಳದಿ ಕಣ್ಣಲ್ಲಿ ನೀರಿತ್ತು. ಈ ಸಲ ಅವಳು ಆ ಕಣ್ಣನ್ನ ನೇರ ನೋಡಿದಳು.

"ಹಾಗಾದ್ರೆ ಅಮ್ಮಾ, ಓಲೆ ತೆಗಿ. ತಡ ಮಾಡಬೇಡ."

ತಾಯಿ ಆವತ್ತಿನಿಂದ ಜೊತೆಗೇ ಇಟ್ಟುಕೊಂಡಿದ್ದ ಕರವಸ್ತ್ರದ ಗಂಟು ಬಿಚ್ಚಿದರು. ಬೆಗಿಮಾಯ್ ಮಂಚದ ಪಕ್ಕ ಮಂಡಿಯೂರಿ ಕಿವಿ ಕೊಟ್ಟಳು.

"ನೋಯ್ತಾ?" ಅವನು ಕೇಳಿದ.

"ಹೂಂ," ಅಂದಳು. ಅವನಿಗೆ ಅವಳು ಸುಳ್ಳು ಹೇಳುತ್ತಿರಲಿಲ್ಲ.