ಒಂಬತ್ತನೇ ನಂಬರಿನ ಕೊನೆಯ ನಿಲ್ದಾಣ

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಹೊಸ ಡ್ರೈವರ್ ಕಚೇರಿಯೊಳಗೆ ಬಂದು, ಕಾರಿನ ಕೀಯನ್ನು ಫೋನಕ್ಕನ ಮೇಜಿನ ಮೇಲಿಟ್ಟು ಹಾಗೇ ನಿಂತಳು.

"ಕೂತ್ಕೋ," ಎಂದಳು ಫೋನಕ್ಕ.

"ಬೇಡಕ್ಕ, ಕೂತ್ರೆ ಅಳು ಬರುತ್ತೆ. ಮಧ್ಯಾಹ್ನ ಮೂರಕ್ಕೆ ಎಲ್ಲರನ್ನೂ ಸೇರಿಸಿ ನನ್ನನ್ನ ಕೆಲಸದಿಂದ ತೆಗೀತಾರಂತೆ. ತೆಗೀಲಿ. ಆದ್ರೆ ನಾನು ಒತ್ತಿದ್ದು ಆಸ್ಪತ್ರೇನೇ ಅಕ್ಕ. ನನ್ನಿಬ್ಬರು ಮಕ್ಕಳಾಣೆ."

ಫೋನಕ್ಕ ಕೀಯನ್ನು ಪಕ್ಕಕ್ಕೆ ಸರಿಸಿದಳು. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುವ ಈ ಎಂಟು ಕಾರುಗಳ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಫೋನು ಎತ್ತುತ್ತಿದ್ದವಳು ಅವಳು. ಅವಳ ನಿಜವಾದ ಹೆಸರು ಯಜಮಾನರಿಗೂ ಮರೆತುಹೋಗಿತ್ತು. ಮಂಗಳವಾರದಿಂದ ಅವಳಿಗೆ ಸರಿಯಾಗಿ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಎತ್ತದೇ ಬಡಿದುಕೊಳ್ಳುವ ಫೋನಿನ ಸದ್ದು.

ಆದದ್ದು ಇಷ್ಟು. ಯಜಮಾನರು ಹಳೇ ಕಾರುಗಳಲ್ಲಿ ನಾಲ್ಕನ್ನು ತೆಗೆದು ಹೊಸವು ಕೊಳ್ಳಬೇಕೆಂದಿದ್ದರು. ಒಳಗೇ ಮ್ಯಾಪ್ ಕೂಡಿಸಿ ಬಂದ ಕಾರು ಬೇಕೋ, ಮಾಮೂಲಿ ಕಾರು ಕೊಂಡು ಈಗಿನ ಹಾಗೆ ಫೋನಿನ ಮ್ಯಾಪ್ ನೋಡಿಕೊಂಡೇ ಓಡಿಸುವುದೋ ತೀರ್ಮಾನವಾಗಿರಲಿಲ್ಲ. ಪರೀಕ್ಷೆಗೆಂದು ಒಳಗೆ ಮ್ಯಾಪ್ ಇದ್ದ ಒಂದು ಕಾರನ್ನು ಎರಡು ವಾರಕ್ಕೆ ತರಿಸಿದ್ದರು. ಅದನ್ನು ಓಡಿಸುವವರು ತಮ್ಮ ಫೋನನ್ನು ಸದ್ದಡಗಿಸಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗಿಟ್ಟು, ಕಾರಿನ ಸ್ಕ್ರೀನನ್ನೇ ನಂಬಿ ಹೋಗಬೇಕೆಂದು ಅವರ ಅಪ್ಪಣೆಯಾಗಿತ್ತು.

ಮಂಗಳವಾರ ಆ ಕಾರಿನಲ್ಲಿ ಗಡಿಯಾರದ ತಾತನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಕೆಲಸ ಹೊಸ ಡ್ರೈವರ್‌ಗೆ ಬಿದ್ದಿತ್ತು. ಅವಳು ಕೆಲಸಕ್ಕೆ ಸೇರಿ ಐದೇ ದಿನವಾಗಿತ್ತು, ಊರೂ ಹೊಸದು. ತಾತ ಬಸ್ ಕಚೇರಿಯಲ್ಲಿ ಮೂವತ್ತೈದು ವರ್ಷ ವೇಳಾಪಟ್ಟಿ ಬರೆದು ನಿವೃತ್ತರಾದವರು. ಕಾರು ಏಳಕ್ಕೆಂದರೆ ಆರೂ ಐವತ್ತೊಂಬತ್ತಕ್ಕೆ ಗೇಟಿನ ಬಳಿ ನಿಂತಿರುತ್ತಿದ್ದುದರಿಂದ ಡ್ರೈವರುಗಳು ಆ ಹೆಸರಿಟ್ಟಿದ್ದರು. ವಾರಕ್ಕೆ ಮೂರು ದಿನ, ಆರು ವರ್ಷದಿಂದ, ಅದೇ ಆಸ್ಪತ್ರೆ. ಅಂಥವರು ಎಂಟಕ್ಕೆ ಆಸ್ಪತ್ರೆಯ ಹಾಸಿಗೆಯಲ್ಲಿರುವ ಬದಲು, ಎಂಟೂ ಮುಕ್ಕಾಲಿಗೆ ಊರಿಂದ ಐವತ್ತೆರಡು ಕಿಲೋಮೀಟರ್ ಆಚೆ, ಅಣೆಕಟ್ಟಿನ ದಂಡೆಯಲ್ಲಿ, ಬಸ್ಸು ಬರುವುದೇ ನಿಂತುಹೋದ ಒಂದು ತಂಗುದಾಣದ ಮುಂದಿದ್ದರು. ಫೋನಕ್ಕ ಹನ್ನೊಂದು ಸಲ ಕರೆ ಮಾಡಿದ್ದಳು. ಹನ್ನೊಂದೂ ಆ ಡಬ್ಬಿಯೊಳಗೆ ಹೂತುಹೋಗಿದ್ದವು. ಸರದಿ ತಪ್ಪಿತು. ಸಂಜೆಗೆ ತಾತನಿಗೆ ಕಾಲು ಊದಿ, ಉಸಿರು ಮೇಲಕ್ಕೆ ಎಳೆದುಕೊಂಡು, ತುರ್ತು ವಿಭಾಗಕ್ಕೆ ಒಯ್ಯಬೇಕಾಯಿತು. ಹೇಗೋ ಬದುಕಿಕೊಂಡರು. ಆದರೆ ಆಸ್ಪತ್ರೆಯವರು ಕಾಗದ ಬರೆದಿದ್ದರು: ತಪ್ಪು ಯಾರದೆಂದು ತಿಳಿಸಿ, ಇಲ್ಲದಿದ್ದರೆ ನಮ್ಮ ರೋಗಿಗಳನ್ನು ಇನ್ನು ನಿಮ್ಮ ಕೈಗೆ ಕೊಡುವುದಿಲ್ಲ.

"ಬಾ," ಎಂದು ಎದ್ದಳು ಫೋನಕ್ಕ. "ಸೂಜಿ ಮಾವನ ಹತ್ರ ಹೋಗೋಣ."

ಸೂಜಿ ಮಾವ ಶೆಡ್ಡಿನ ಹಿಂಬದಿಯಲ್ಲಿ ಕಾರಿನ ಸೀಟು ಹೊಲಿಯುವ ಮುದುಕ. ಕಿತ್ತ ಸೀಟುಗಳ ನಡುವೆ ಹೊಲಿಗೆ ಯಂತ್ರ ಇಟ್ಟುಕೊಂಡು, ಮೂಗಿನ ತುದಿಯಲ್ಲಿ ಕನ್ನಡಕ ಇಳಿಬಿಟ್ಟುಕೊಂಡು ಕೂತಿರುತ್ತಿದ್ದ. ಭಾನುವಾರ ಕದ್ದು ಕಾರು ಓಡಿಸುತ್ತಿದ್ದವನನ್ನು ಸೀಟಿನ ಸುಕ್ಕು ನೋಡಿಯೇ ಹಿಡಿದವನು, ರೋಗಿಯೊಬ್ಬರ ಕಳೆದ ಬಳೆ ಕಳವಾದದ್ದಲ್ಲ, ಮರೆತದ್ದು ಎಂದು ತೋರಿಸಿದವನು. ಹಾಗಾಗಿ ಶೆಡ್ಡಿನಲ್ಲಿ ಏನೇ ತೊಡಕಾದರೂ ಜನ ಅವನ ಮುಂದೆ ಬಂದು ನಿಲ್ಲುತ್ತಿದ್ದರು. ಅವನಿಗೆ ಅದೊಂದು ಹೆಮ್ಮೆಯಾಗಿರಲಿಲ್ಲ. ಪ್ರತಿ ಸಲವೂ ಯಾರೋ ಒಬ್ಬರ ಮುಖ ಬಾಡುವುದನ್ನು ನೋಡಬೇಕಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದ.

"ಮೊದಲಿಂದ ಹೇಳಮ್ಮ," ಎಂದ.

ಹೊಸ ಡ್ರೈವರ್ ಹೇಳಿದಳು. ಬೆಳಿಗ್ಗೆ ಆರೂವರೆಗೆ ಶೆಡ್ಡಿನಲ್ಲಿ ತಾತನ ಮನೆಯ ವಿಳಾಸ ಹಾಕಿ ಹೊರಟಳು. ತಾತ ಗೇಟಿನ ಬಳಿಯೇ ಇದ್ದರು, ಕಾಲು ಚಾಚಲು ಅನುಕೂಲವೆಂದು ಮುಂದಿನ ಸೀಟಿಗೇ ಹತ್ತಿದರು. ಅವಳು ಸ್ಕ್ರೀನಿನಲ್ಲಿ ಆಸ್ಪತ್ರೆ ಒತ್ತಿದಳು, ಹದಿನಾಲ್ಕು ಕಿಲೋಮೀಟರ್ ಎಂದು ತೋರಿಸಿತು. ಅಷ್ಟರಲ್ಲಿ ತಾತನಿಗೆ ಆಸ್ಪತ್ರೆಯ ಫೈಲು ಮರೆತದ್ದು ನೆನಪಾಯಿತು. ಗಾಳಿ ಬರಲೆಂದು ಎಂಜಿನ್ ಚಾಲೂ ಬಿಟ್ಟು ಅವಳೇ ಮೆಟ್ಟಿಲು ಹತ್ತಿ ಹೋದಳು. ಅಜ್ಜಿಯೂ ಅವಳೂ ಹತ್ತು ನಿಮಿಷ ಕಪಾಟೆಲ್ಲ ಜಾಲಾಡಿದರು. ಸಿಗಲಿಲ್ಲ.

"ಆಮೇಲೆ?"

"ಕೆಳಗೆ ಬಂದ್ರೆ ಫೈಲು ತಾತನ ಚೀಲದಲ್ಲೇ ಇತ್ತು ಮಾವ. ವಯಸ್ಸಾಯ್ತು, ಮರೆವು ಅಂದ್ರು. ಹೊತ್ತಾಗಿತ್ತು, ನಾನು ಸ್ಕ್ರೀನಿನ ಬಾಣ ನೋಡ್ಕೊಂಡು ಹೊರಟುಬಿಟ್ಟೆ. ಅರ್ಧ ದಾರೀಲಿ ಊರು ಮುಗೀತಲ್ಲ ಅನ್ನಿಸಿ ತಾತನ್ನ ಕೇಳ್ದೆ. ಡಯಾಲಿಸಿಸ್ ವಿಭಾಗ ಊರಾಚೆ ಹೊಸ ಕಟ್ಟಡಕ್ಕೆ ಹೋಗಿದೆಯಲ್ಲಮ್ಮ ಅಂದ್ರು. ಊರು ನನಗೆ ಹೊಸದು, ನಿಜಾನೇ ಇರ್ಬೇಕು ಅಂದ್ಕೊಂಡೆ. ಸುಮ್ಮನಾದೆ. ವಾಪಸ್ ಬರುವಾಗ ಮಾತ್ರ ಆ ಸ್ಕ್ರೀನ್ ಮುಟ್ಟಲಿಲ್ಲ, ಫೋನ್ ತೆಗೆದು ಅದರ ಮ್ಯಾಪ್ ಹಾಕ್ಕೊಂಡೆ. ತಾತ ಹಿಂದಿನ ಸೀಟಲ್ಲಿ ಮಲಗಿದ್ರು."

ಪರೀಕ್ಷೆಯ ಕಾರು ಮಂಗಳವಾರದಿಂದ ಬೀಗ ಹಾಕಿಕೊಂಡೇ ನಿಂತಿತ್ತು. ಸೂಜಿ ಮಾವ ಬಾಗಿಲು ತೆಗೆದವನೇ ಮುಂದಿನ ಎಡ ಸೀಟಿನ ಬಳಿ ಬಗ್ಗಿ ಬಹಳ ಹೊತ್ತು ನೋಡಿದ. ಸೀಟು ಮುಂದಕ್ಕೆ ಎಳೆದಂತೆಯೇ ಇತ್ತು, ಬೆನ್ನು ನೇರವಾಗಿ ಎದ್ದು ನಿಂತಿತ್ತು.

"ಈ ಸೀಟು ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಮಾವ. ತಾತ ಇಳಿದ ಮೇಲೆ ಅಲ್ಲಿ ಯಾರೂ ಕೂತಿಲ್ಲ."

"ತಂಗಿ, ನನಗೆ ಈ ಅಕ್ಷರ ಕಾಣಲ್ಲ. ಇದುವರೆಗೆ ಎಲ್ಲೆಲ್ಲಿಗೆ ಹೋಗಿದೆ ಅಂತ ಪಟ್ಟಿ ಇರುತ್ತಂತಲ್ಲ, ಓದು."

ಫೋನಕ್ಕ ಓದಿದಳು. "ಮೇಲಿಂದ ಹೇಳ್ತೀನಿ. ಒಂಬತ್ತನೇ ನಂಬರ್ ಕೊನೇ ನಿಲ್ದಾಣ, ಅಣೆಕಟ್ಟು. ಅದರ ಕೆಳಗೆ ಆಸ್ಪತ್ರೆ. ಅದರ ಕೆಳಗೆ ತಾತನ ಮನೆ. ಉಳಿದದ್ದೆಲ್ಲ ಸೋಮವಾರದ್ದು, ಅದಕ್ಕೂ ಹಿಂದಿನದು. ಕೊನೆಗೆ ಒತ್ತಿದ್ದು ಯಾವಾಗ್ಲೂ ತಲೆ ಮೇಲೆ ಬಂದು ಕೂರುತ್ತೆ."

"ಯಜಮಾನ್ರು ಇದನ್ನ ನೋಡಿದ್ರಾ?"

"ಮೇಲಿನ ಸಾಲು ನೋಡಿ, ಇವಳೇ ತಪ್ಪು ಒತ್ತಿದ್ದಾಳೆ ಅಂದ್ರು. ಆಮೇಲೆ ಹಾರ್ನ್ ಮೇಲೂ ಅನುಮಾನಪಟ್ರು."

ಹಾರ್ನ್ ಎಂದರೆ ಹಿರಿಯ ಡ್ರೈವರ್. ಅವನು ಮೆತ್ತಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸೋಮವಾರ ಆ ಕಾರು ಓಡಿಸಿ ಬಂದವನು, ಇದನ್ನು ನಂಬಿದರೆ ಒಂದು ದಿನ ಯಾರಾದರೂ ನೀರಿಗೇ ಬೀಳುತ್ತಾರೆ ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗಾಡಿದ್ದ. ಮರುದಿನವೇ ಕಾರು ಅಣೆಕಟ್ಟಿನ ದಂಡೆ ಸೇರಿತ್ತು. ಈಗ ಸೂಜಿ ಮಾವ ಕರೆದಾಗ ಕೈ ಒರೆಸಿಕೊಳ್ಳುತ್ತ ಬಂದ.

"ನಂದು ಬಾಯಿ ಜೋರು, ಒಪ್ಕೋತೀನಿ. ಆದ್ರೆ ಕೈ ಅಂಥದ್ದಲ್ಲ ಮಾವ. ಈ ಕಾರಿನ ಮ್ಯಾಪು ನಾಲ್ಕು ವರ್ಷ ಹಳೇದು, ಜಾಮ್ ಆದ್ರೂ ತೋರಿಸಲ್ಲ. ಆಫೀಸಿಂದ ಅಡ್ರೆಸ್ ಕಳಿಸೋಕಾಗಲ್ಲ, ಇದಕ್ಕೆ ನೆಟ್ಟೇ ಇಲ್ಲ. ಗಾಡಿ ಓಡ್ತಿರುವಾಗ ಅಕ್ಷರ ಒತ್ತೋಕೂ ಬಿಡಲ್ಲ, ಪಕ್ಕಕ್ಕೆ ನಿಲ್ಲಿಸಿಯೇ ಒತ್ಬೇಕು. ಅದಕ್ಕೇ ಬೈದೆ."

"ನಿನ್ನ ಫೋನಲ್ಲಿ ಈ ಒಂಬತ್ತನೇ ನಂಬರಿನ ನಿಲ್ದಾಣ ಹುಡುಕು."

ಹಾರ್ನ್ ಎರಡು ಮೂರು ಥರ ಹುಡುಕಿದ. "ಬರಲ್ಲ ಮಾವ. ಆ ರೂಟು ನಿಂತು ಮೂರು ವರ್ಷ ಆಯ್ತು, ತೆಗೆದುಬಿಟ್ಟಿದ್ದಾರೆ. ಅರೆ, ಹೋದ ತಿಂಗಳು ತಾತನೂ ಇದನ್ನೇ ಕೇಳಿದ್ರು, ಸಿಗಲಿಲ್ಲ."

ಸೂಜಿ ಮಾವ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. "ಅಜ್ಜಿಗೆ ಒಂದು ಫೋನ್ ಮಾಡು ತಂಗಿ. ಮಂಗಳವಾರ ಅವರು ಜೊತೆಗೆ ಯಾಕೆ ಹೋಗಲಿಲ್ಲ ಕೇಳು."

ಅಜ್ಜಿಯ ದನಿ ಬಳಲಿತ್ತು. "ಆರು ವರ್ಷದಲ್ಲಿ ಅದೊಂದೇ ದಿನ ನಾನು ತಪ್ಪಿಸಿದ್ದು ಕಣಮ್ಮ. ನಿನಗೆ ಮಂಡಿನೋವು, ಇವತ್ತು ಮನೇಲಿರು ಅಂತ ಅವರೇ ಹೇಳಿದ್ರು. ಪಾಪ, ಹತ್ತಿದ್ದೇ ನಿದ್ದೆ ಹೋಗಿಬಿಟ್ರಂತೆ, ದಾರಿ ತಪ್ಪಿದ್ದೇ ಗೊತ್ತಾಗಲಿಲ್ವಂತೆ. ನಾನಿದ್ದಿದ್ರೆ ಹೀಗಾಗ್ತಿತ್ತಾ?"

ಮೂರು ಗಂಟೆಗೆ ಕಚೇರಿಯಲ್ಲಿ ಎಲ್ಲರೂ ಸೇರಿದರು. ಯಜಮಾನರು ಆಸ್ಪತ್ರೆಯ ಕಾಗದ ಹಿಡಿದು ಕೂತಿದ್ದರು. ಹೊಸ ಡ್ರೈವರ್ ಗೋಡೆಗೊರಗಿ ನಿಂತಿದ್ದಳು, ಹಾರ್ನ್ ಬಾಗಿಲ ಬಳಿ. ತಾತ ಮತ್ತು ಅಜ್ಜಿಯನ್ನು ಸೂಜಿ ಮಾವನೇ ಹೇಳಿ ಕರೆಸಿದ್ದ. ತಾತನ ಮುಖ ಇನ್ನೂ ಬೂದಿಬಣ್ಣಕ್ಕಿತ್ತು.

"ಬೇಗ ಮುಗಿಸೋಣ," ಎಂದರು ಯಜಮಾನರು. "ನನಗೂ ಸಾಕಾಗಿದೆ. ಈಕೆ ತಪ್ಪು ಒತ್ತಿದ್ದಾಳೆ. ಇವತ್ತಿಂದ ಕೆಲಸಕ್ಕೆ ಬರೋದು ಬೇಡ."

ತಾತ ತಟ್ಟನೆ ತಲೆಯೆತ್ತಿದರು. "ಕೆಲಸ ಹೋಗುತ್ತಾ? ಇವಳ ಕೆಲಸಾನಾ?"

"ಒಂದು ನಿಮಿಷ ಯಜಮಾನ್ರೆ," ಎಂದ ಸೂಜಿ ಮಾವ. "ಪಟ್ಟಿಯಲ್ಲಿ ನೀವು ಮೇಲಿನ ಸಾಲು ಮಾತ್ರ ನೋಡಿದ್ರಿ, ಅದರ ಕೆಳಗಿನ ಎರಡು ಸಾಲನ್ನೂ ನೋಡಿ. ಈಕೆ ಶೆಡ್ಡಲ್ಲಿ ತಾತನ ಮನೆ ಒತ್ತಿದಳು, ಅದು ಮೂರನೇದು. ಅದರ ಮೇಲೆ ಆಸ್ಪತ್ರೆ. ಅಂದ್ರೆ ಮನೆ ತಲುಪಿದ ಮೇಲೆ ಆಸ್ಪತ್ರೆ ಒತ್ತಿದ್ದು ನಿಜ. ತಪ್ಪು ಒತ್ತಿದ್ರೆ ಅಣೆಕಟ್ಟಿನ ಕೆಳಗೆ ನೇರ ಮನೆಯೇ ಇರ್ಬೇಕಿತ್ತು. ಇನ್ನು ಹಾರ್ನ್ ಸೋಮವಾರವೇ ಕಿತಾಪತಿ ಮಾಡಿದ್ರೆ ಅಣೆಕಟ್ಟಿನ ಸಾಲು ತಾತನ ಮನೆಗಿಂತ ಕೆಳಗಿರ್ಬೇಕು. ಹಾಗೂ ಇಲ್ಲ."

ಹಾರ್ನ್ ದೊಡ್ಡದಾಗಿ ಉಸಿರು ಬಿಟ್ಟ.

"ದೂರದಿಂದ ಯಾರೋ ಬದಲಾಯಿಸೋಕೆ ಅದೇನು ಫೋನಲ್ಲ, ನೆಟ್ಟಿಲ್ಲ. ಕಾರೊಳಗೆ ಕೂತ ಬೆರಳೇ ಆಗ್ಬೇಕು. ಓಡುವಾಗ ಅಕ್ಷರ ಒತ್ತೋಕಾಗಲ್ಲ, ಹಾಗಾಗಿ ಕಾರು ನಿಂತಿರ್ಬೇಕು, ಎಂಜಿನ್ ಚಾಲೂ ಇರ್ಬೇಕು. ಆಸ್ಪತ್ರೆ ಒತ್ತಿದ ಮೇಲೆ ಕಾರು ನಿಂತಿದ್ದು ಒಂದೇ ಕಡೆ: ತಾತನ ಮನೆ ಮುಂದೆ, ಹತ್ತು ನಿಮಿಷ. ಚೀಲದಲ್ಲೇ ಇದ್ದ ಫೈಲನ್ನ ಇವರಿಬ್ರೂ ಮೇಲೆ ಹುಡುಕ್ತಿದ್ದಾಗ."

ಫೋನಕ್ಕ ತಾತನ ಕಡೆ ನೋಡಲಾರದೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಇನ್ನೂ ಅರ್ಥವಾಗದೆ ಸೂಜಿ ಮಾವನ ಬಾಯನ್ನೇ ದಿಟ್ಟಿಸುತ್ತಿದ್ದಳು.

"ಹತ್ತಿದ್ದೇ ನಿದ್ದೆ ಹೋದೆ ಅಂದವರು, ಅರ್ಧ ದಾರೀಲಿ ಈಕೆಗೆ ಎಚ್ಚರವಾಗಿಯೇ ಉತ್ತರ ಕೊಟ್ಟಿದ್ದಾರೆ. ಮಲಗೋರು ಸೀಟನ್ನ ಹಿಂದಕ್ಕೆ ಒರಗಿಸ್ತಾರೆ. ಆ ಸೀಟು ಮುಂದಕ್ಕೆ ಎಳೆದು, ಬೆನ್ನು ನೆಟ್ಟಗೆ ನಿಲ್ಲಿಸಿತ್ತು. ಚಾಚಬೇಕು ಅಂದ ಕಾಲನ್ನ ಮಡಚಿಕೊಂಡು ಗಾಜಿಗೆ ಮುಖ ಕೊಟ್ಟು ಕೂತಿದ್ರು. ದಾರಿ ನೋಡ್ತಾ." ಸೂಜಿ ಮಾವ ತಾತನ ಕಡೆ ತಿರುಗಿದ. "ಆ ನಿಲ್ದಾಣ ಈಗ ಯಾವ ಫೋನಿನಲ್ಲೂ ಇಲ್ಲ. ಹೋದ ತಿಂಗಳು ಹಾರ್ನ್ ಕೈಲಿ ಹುಡುಕಿಸಿದ್ರಿ. ಈ ಕಾರಿನ ಮ್ಯಾಪ್ ಹಳೇದು, ಅದರಲ್ಲಿ ಉಳ್ಕೊಂಡಿತ್ತು. ಉಳಿದದ್ದನ್ನ ನಾನು ಹೇಳಲ್ಲ. ನೀವೇ ಹೇಳಿದ್ರೆ ಚೆನ್ನಾಗಿರುತ್ತೆ."

ತಾತ ಕೈಕೋಲಿನ ಹಿಡಿಯನ್ನು ಬಿಗಿಹಿಡಿದರು.

"ಮೂವತ್ತೈದು ವರ್ಷ ಬರೆದೆ," ಎಂದರು ಕೊನೆಗೆ. "ಒಂಬತ್ತನೇ ನಂಬರು, ಕೊನೇ ನಿಲ್ದಾಣ ಅಣೆಕಟ್ಟು, ಬೆಳಿಗ್ಗೆ ಎಂಟು ನಲವತ್ತು. ಒಂದು ದಿನಾನೂ ಹತ್ತಿ ಹೋಗಲಿಲ್ಲ. ನಿವೃತ್ತಿ ಆದ್ಮೇಲೆ ಹೋಗೋಣ ಅಂದ್ಕೊಂಡೆ, ಕಿಡ್ನಿ ಹೋಯ್ತು. ಆಮೇಲೆ ಬಸ್ಸೇ ಹೋಯ್ತು. ಆ ಮೆಷಿನ್ ಪಕ್ಕ ಮಲಗಿ ಮಲಗಿ ಸಾಕಾಗಿದೆ ಸ್ವಾಮಿ. ಹೋದ ಶನಿವಾರ ಈ ಕಾರಲ್ಲಿ ಹೋಗುವಾಗ ಒಂಬತ್ತನೇ ನಂಬರಿನ ನಿಲ್ದಾಣಗಳು ಇದರ ಮ್ಯಾಪಲ್ಲಿ ಇನ್ನೂ ಕಂಡ್ವು. ಒಂದು ಬೆಳಿಗ್ಗೆ ಬೇರೆ ಕಡೆ ಹೋಗ್ಬೇಕು ಅನ್ನಿಸ್ತು." ಹೊಸ ಡ್ರೈವರ್ ಕಡೆ ನೋಡಿದರು. "ಯಂತ್ರದ ತಪ್ಪು ಅಂತ ಮುಗಿದುಹೋಗುತ್ತೆ ಅಂದ್ಕೊಂಡಿದ್ದೆ ಮಗಳೇ. ನಿನ್ನ ಅನ್ನಕ್ಕೆ ಕುತ್ತು ಬರುತ್ತೆ ಅಂತ ನಿಜವಾಗ್ಲೂ ಹೊಳೀಲಿಲ್ಲ. ಹೊಳೀಬೇಕಿತ್ತು."

ಹೊಸ ಡ್ರೈವರ್ ಈಗ ಕುರ್ಚಿಯಲ್ಲಿ ಕೂತಳು, ಕೂತವಳು ಅತ್ತಳು.

ಯಜಮಾನರು ಕಾಗದ ಮಡಚಿಟ್ಟರು. ಅವಳ ಕೆಲಸದ ಮಾತು ಮುಗಿಯಿತೆಂದೂ, ಆಸ್ಪತ್ರೆಗೆ ತಾವೇ ಹೋಗಿ ನಡೆದದ್ದನ್ನು ಹೇಳುವೆನೆಂದೂ ಹೇಳಿದರು. ಆಮೇಲೆ ಸೋತವರಂತೆ ಕೇಳಿದರು: "ಈಗ ನಾನು ಯಾವ ಮ್ಯಾಪ್ ತಗೊಳ್ಳಲಿ? ಅದನ್ನಾದ್ರೂ ಹೇಳಿ."

ಉತ್ತರ ಕೊಟ್ಟದ್ದು ಫೋನಕ್ಕ. "ಮಾಮೂಲಿ ಕಾರೇ ತಗೊಳ್ಳಿ, ಫೋನು ಕಣ್ಣ ಮುಂದಿರ್ಲಿ. ಡಬ್ಬಿಯೊಳಗೆ ಹಾಕಿಸ್ಬೇಡಿ. ಹನ್ನೊಂದು ಸಲ ಕರೆ ಮಾಡಿದೀನಿ ನಾನು. ಇನ್ನೊಂದು ಸಲ ನನ್ನ ಕೈಲಾಗಲ್ಲ." ಯಜಮಾನರು ಆಗಲಿ ಎಂದರು.

ಅಜ್ಜಿ ಬೈಯುತ್ತಾಳೆಂದು ಎಲ್ಲರೂ ಕಾದಿದ್ದರು. ಅವಳು ಗಂಡನ ಕಡೆ ತಿರುಗಿ, ಬೇರೆ ಯಾರೂ ಇಲ್ಲವೇನೋ ಎಂಬಂತೆ ಮೆಲ್ಲಗೆ ಕೇಳಿದಳು: "ಆರು ವರ್ಷ ಆ ಕಾರಿಡಾರಿನ ಬೆಂಚಲ್ಲಿ ಕೂತವಳು ನಾನು. ನನ್ನನ್ನ ಯಾಕೆ ಬಿಟ್ಟು ಹೋದ್ರಿ?"



ಡಯಾಲಿಸಿಸ್ ಇಲ್ಲದ ಭಾನುವಾರ, ಪರೀಕ್ಷೆಯ ಕಾರನ್ನು ಹಿಂದಿರುಗಿಸುವ ಮೊದಲು, ಹೊಸ ಡ್ರೈವರ್ ತಾನಾಗಿಯೇ ಕೇಳಿಕೊಂಡು ಇಬ್ಬರನ್ನೂ ಅಣೆಕಟ್ಟಿಗೆ ಕರೆದುಕೊಂಡು ಹೋದಳು. ಸೋಮವಾರ ಬಂದು ಫೋನಕ್ಕನಿಗೆ ಹೇಳಿದಳು: ತಾತ ಕಾಲು ಗಂಟೆ ನೀರು ನೋಡಿ, ಬಂದದ್ದಾಯ್ತು, ಹೊರಡೋಣ ಎಂದರಂತೆ. ಅಜ್ಜಿ ಚಪ್ಪಲಿ ಬಿಟ್ಟು, ಸೀರೆ ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು, ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದಳಂತೆ.

"ನೀವು ಕಾರಲ್ಲಿ ಕೂತಿರಿ," ಎಂದಳಂತೆ ಅಜ್ಜಿ, ತಿರುಗಿಯೂ ನೋಡದೆ. "ಇವತ್ತು ನೀವು ಕಾಯಿರಿ."