ಒಂದು ಹನಿ ಹೆಪ್ಪು

ಚಮಚ ಟಣ್ ಎಂದು ಬಟ್ಟಲಿನ ತಳಕ್ಕೆ ಬಡಿದಾಗಲೇ ಅಮೂಲ್ಯಳಿಗೆ ಗೊತ್ತಾದದ್ದು. ಅಯ್ಯೋ, ಮೊಸರು ಪೂರ್ತಿ ಖಾಲಿ!

ಸ್ಕೂಲಿಂದ ಬಂದವಳು ಸಕ್ಕರೆ ಹಾಕಿಕೊಂಡು ಎರಡೇ ಚಮಚ ತಿನ್ನೋಣ ಎಂದುಕೊಂಡಿದ್ದಳು. ನಾಲಿಗೆ ಕೇಳಬೇಕಲ್ಲ!

ಅದು ಅಂತಿಂಥ ಮೊಸರಲ್ಲ. ಕಮಲಜ್ಜಿ ಮೈಸೂರಿನಿಂದ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ತಂದು, ಜಪಾನಿನ ನಿಶಿ ಕಸಾಯಿಯ ಈ ಫ್ಲಾಟಿನಲ್ಲಿ ಇಲ್ಲಿನ ಹಾಲಿಗೆ ಹಾಕಿ ಮಾಡಿದ್ದ ಮೊಸರು. ಮೂರು ತಿಂಗಳಿದ್ದು, ಹೋದ ವಾರ ಊರಿಗೆ ಹೊರಡುವಾಗ ಅಜ್ಜಿ ಹೇಳಿದ್ದು ಒಂದೇ ಮಾತು: "ದಿನಾ ಒಂದು ಚಮಚ ಉಳಿಸ್ಕೊಳ್ಳಿ. ನಾಳೆ ಹೆಪ್ಪಿಗೆ ಬೇಕು."

ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಬಾಲ್ಕನಿಯಲ್ಲಿ ಟ್ರೈನು ನೋಡುತ್ತ ಕೂರುತ್ತಿದ್ದ ಅಜ್ಜಿ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಆಗ ೧೯೯೯ನೇ ಇಸವಿ. ಹೊಸ ವರ್ಷ ಬಂದರೆ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಎಲ್ಲರಿಗೂ ಭಯ. ಅದನ್ನು ಸರಿಮಾಡಲು ಅಪ್ಪ ಶಿನಾಗಾವಾದ ಆಫೀಸಿನಲ್ಲೇ ಬೀಡುಬಿಟ್ಟಿದ್ದರು. ಅಮ್ಮ ವೇದವಲ್ಲಿ ಜಪಾನೀಸ್ ಕ್ಲಾಸಿಗೆ ಹೋಗಿದ್ದರು. ಅಜ್ಜಿಯದು ಅಂತ ಮನೆಯಲ್ಲಿ ಉಳಿದಿದ್ದು ಆ ಮೊಸರೊಂದೇ. ಅದನ್ನೂ ಅಮೂಲ್ಯ ಗುಳುಂ ಮಾಡಿದ್ದಳು.

ಫ್ರಿಜ್ಜಿನಲ್ಲಿ ಕೊಂಬಿನಿ ಅಂಗಡಿಯಿಂದ ತಂದ ಯೋಗರ್ಟ್ ಇತ್ತು. ಅದನ್ನೇ ಎರಡು ಚಮಚ ಬಟ್ಟಲಿಗೆ ಸುರಿದು ಮುಚ್ಚಿಟ್ಟಳು. ಆದರೂ ಸಮಾಧಾನವಾಗಲಿಲ್ಲ. ಮೇಲಿನ ಮಹಡಿಗೆ ಓಡಿದಳು.

ಅಲ್ಲಿ ಕಾತ್ಯಾಯಿನಿ ಆಂಟಿ ಇದ್ದರು. ಹಳೇ ಗ್ರೀಸಿನ ಜ್ಞಾನಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದವರು.

"ಆಂಟಿ, ಒಂದರಲ್ಲಿ ಇನ್ನೊಂದು ಮಿಕ್ಸ್ ಆದ್ರೆ ಅದು ಕಳೆದೇ ಹೋಗತ್ತಾ?"

ಆಂಟಿ ಹಗಲೂ ರಾತ್ರಿ ಓದುತ್ತಿದ್ದುದೇ ಅದನ್ನ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

"ಕೇಳು. ಎರಡು ಸಾವಿರ ವರ್ಷದ ಹಿಂದೆ ಗ್ರೀಸಲ್ಲಿ ಸ್ತೋಯಿಕರು ಅಂತ ಜ್ಞಾನಿಗಳು ಇದ್ರು. ಬೆರೆಯೋದ್ರಲ್ಲಿ ಮೂರು ಥರ ಅಂತಿದ್ರು ಅವರು. ಕಾಳಿಗೆ ಕಾಳು ಬೆರೆಸಿದ್ರೆ ಪಕ್ಕಪಕ್ಕ ಕೂತಿರತ್ತೆ, ಅಷ್ಟೆ. ಆರಿಸ್ಬಹುದು."

"ಎರಡನೇದು?"

"ಏನೇನೋ ಬೆರೆಸಿ ಔಷಧಿ ಮಾಡಿದ್ರೆ ಹಳೇದೆಲ್ಲ ಹೋಗಿ ಹೊಸದೇ ಆಗ್ಬಿಡತ್ತೆ. ವಾಪಸ್ ಬರಲ್ಲ."

ಅಮೂಲ್ಯಳ ಮುಖ ಬಾಡಿತು.

"ಮೂರನೇದು ನಂಗಿಷ್ಟ. ನೀರಿಗೆ ದ್ರಾಕ್ಷಾರಸ ಹಾಕಿದ್ರೆ ಎರಡೂ ಒಂದರೊಳಗೊಂದು ಪೂರ್ತಿ ಹರಡತ್ತೆ. ಆದ್ರೂ ಯಾವುದೂ ಇಲ್ಲವಾಗಲ್ಲ. ಒಂದೇ ಹನಿ ಹಾಕಿದ್ರೂ ಇಡೀ ಸಮುದ್ರದಲ್ಲೆಲ್ಲಾ ಇರತ್ತೆ ಅಂದ್ರು."

"ಹೊಂತೋ? ನಿಜವಾಗ್ಲೂ?"

"ಆಗ್ಲೂ ಕೆಲವರು ಹಾಗೇ ಕೇಳಿ ನಕ್ರು. ಇವರು ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ."

"ಮೊಸರು ಯಾವ ಥರ, ಆಂಟಿ?"

ಆಂಟಿ ತಲೆ ಕೆರೆದುಕೊಂಡರು. "ಗೊತ್ತಿಲ್ವಲ್ಲೇ ಪುಟ್ಟಿ. ಅದನ್ನ ನಾನು ಎಲ್ಲೂ ಓದಿಲ್ಲ."

ಸಂಜೆ ಅಮ್ಮ ಹಾಲು ಬೆಚ್ಚಗೆ ಮಾಡಿ, ಹೆಪ್ಪು ತೆಗೆಯಲು ಮೊಸರಿನ ಬಟ್ಟಲಿಗೆ ಚಮಚ ಹಾಕಿದರು. ಅಮೂಲ್ಯಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಅದು ಅಜ್ಜೀದಲ್ಲ! ಅಜ್ಜೀದು ನಾನು ತಿಂದ್ಬಿಟ್ಟೆ. ಇದು ಕೊಂಬಿನೀದು. ಸಾರಿ ಅಮ್ಮಾ..." ಅಳು ಉಕ್ಕಿ ಬಂತು.

ಅಮ್ಮ ಬೈಯಲಿಲ್ಲ. ಸ್ಟೂಲ್ ಎಳೆದು ಕೂತರು.

"ಯಾರಿಗೂ ಹೇಳ್ಬೇಡ ಅಂದಿದ್ರು ಅಜ್ಜಿ. ಅವರು ತಂದ ಡಬ್ಬಿ ವಿಮಾನದಲ್ಲೇ ಮಗುಚಿತ್ತು ಕಣೇ. ಹೆಪ್ಪನ್ನೆಲ್ಲ ರೇಷ್ಮೆ ಸೀರೆ ಕುಡೀತು!"

"ಮತ್ತೆ ನಮ್ಮ ಮೊಸರು?"

"ಮುಚ್ಚಳದಲ್ಲಿ ಒಂದೇ ಒಂದು ಹನಿ ಅಂಟ್ಕೊಂಡಿತ್ತು. ಅದನ್ನ ಬೆರಳಲ್ಲಿ ಬಳಿದು, ಇದೇ ಕೊಂಬಿನಿ ಯೋಗರ್ಟ್ ಜೊತೆ ಹಾಲಿಗೆ ಹಾಕಿದ್ರು. ಮೂರು ತಿಂಗಳಿಂದ ನೀನು ತಿಂದಿದ್ದು ಅದನ್ನೇ."

ಅಮೂಲ್ಯ ಕಣ್ಣು ಅರಳಿಸಿದಳು. "ಅಮ್ಮಾ, ನಾನು ಬಟ್ಟಲು ತೊಳೆದಿರ್ಲಿಲ್ಲ! ಸುತ್ತ ಅಂಟಿದ್ದ ಹಳೇ ಮೊಸರು ಹಾಗೇ ಇತ್ತು!"

"ನಿನ್ನ ಸೋಮಾರಿತನಕ್ಕೆ ಮೊದಲ್ನೇ ಸಲ ಥ್ಯಾಂಕ್ಸ್ ಹೇಳ್ಬೇಕು ನೋಡು," ಎಂದು ಅಮ್ಮ ನಕ್ಕರು.

ಆ ದಿನ ಅಮೂಲ್ಯಳೇ ಕಿರುಬೆರಳದ್ದಿ ಹಾಲಿನ ಬಿಸಿ ನೋಡಿ, ಹೆಪ್ಪು ಹಾಕಿದಳು.

ಬೆಳಗ್ಗೆ ಮೊಸರು ಗಟ್ಟಿಯಾಗಿತ್ತು. ಅವಳು ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎಷ್ಟು ಹುಡುಕಿದರೂ ಅಜ್ಜಿಯ ರುಚಿ ಯಾವುದು, ಅಂಗಡಿಯ ರುಚಿ ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಅಜ್ಜಿಯ ನೆನಪು ಬಂತು. ಆದರೆ ಈ ಸಲ ಅಳು ಬರಲಿಲ್ಲ.

ಸ್ಕೂಲ್ ಬ್ಯಾಗ್ ಬೆನ್ನಿಗೇರಿಸಿ, ಪುಟ್ಟ ಲೋಟ ಹಿಡಿದು ಅವಳು ಮೇಲಿನ ಮನೆಯ ಬೆಲ್ ಒತ್ತಿದಳು.

ಆಂಟಿ ಕಣ್ಣುಜ್ಜುತ್ತ ಬಾಗಿಲು ತೆರೆದರು. "ಏನೇ ಇದು?"

"ಹೆಪ್ಪು, ಆಂಟಿ," ಎಂದಳು ಅಮೂಲ್ಯ. "ನಮ್ಮಜ್ಜೀದು."