ಬೇರಿಲ್ಲದ ಹಲಗೆ

ಅರವತ್ತು ವರ್ಷದ ಹಿಂದೆ ಗೊರೇಬಾಳದ ತಾಯಪ್ಪ ಒಂದು ಬೇವಿನ ಮರಕ್ಕೆ ಮಾತು ಕೊಟ್ಟಿದ್ದ.

ಹೊಸದಾಗಿ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಪಕೀರಮ್ಮನಿಗೆ ಯಾರೋ ಮಾಟ ಮಾಡಿಸಿದ್ದರು. ಕೊಡಗಟ್ಟಲೆ ಕುಡಿದರೂ ನೀರಡಿಕೆ ಹಿಂಗದು. ನಾಲಿಗೆ ಬಿಸಿಲಿಗೆ ಬಿದ್ದ ತೊಗಲಿನಂತೆ ಸುರುಟಿತ್ತು. ಮಂತ್ರಗಾರ ಕರಿಬಸಯ್ಯ ಅವಳ ಕೂದಲೆಳೆಯನ್ನು ಗೇಣುದ್ದದ ಮೊಳೆಗೆ ಸುತ್ತಿ, ಕಾಲುವೆ ದಂಡೆಯ ಬೇವಿಗೆ ಹೊಡೆದು, ಅವಳನ್ನು ಹಿಡಿದಿದ್ದ ದೆವ್ವವನ್ನು ಅಲ್ಲಿ ಕಟ್ಟಿಹಾಕಿದ. "ಮರ ಇರೋತನಕ ಇಲ್ಲಿರತೈತಿ. ಮರ ಹೋದ ಮ್ಯಾಲೆ ಎಲ್ಲಿರಲಿ ಅಂತ ಕೇಳಾಕತ್ತೈತಿ," ಎಂದ. ಹೆಂಡತಿಯ ಜೀವ ಉಳಿದರೆ ಸಾಕಾಗಿದ್ದ ತಾಯಪ್ಪ ಮರದ ಮೇಲೆ ಕೈಯಿಟ್ಟು, "ನಮ್ಮ ಮನ್ಯಾಗ ಜಾಗ ಕೊಡ್ತೀವಿ," ಎಂದುಬಿಟ್ಟ.

ಈ ಕತೆಯನ್ನು ಪಕೀರಮ್ಮನೇ ಮೊಮ್ಮಗಳ ಗಂಡ ಕನಕರಾಜನಿಗೆ ಅದೇ ಮರದ ಕೆಳಗೆ ನಿಂತು ಹೇಳಿದಳು. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುವ ಕನಕರಾಜ ಹೆಂಡತಿ ಜ್ಯೋತಿಯ ಪಾಲಿಗೆ ಬಂದ ಜಾಗದಲ್ಲಿ ಮನೆ ಕಟ್ಟುತ್ತಿದ್ದ. ಬಾಗಿಲ ಚೌಕಟ್ಟು, ಹೊಸ್ತಿಲು, ತೊಲೆ ಎಲ್ಲಕ್ಕೂ ಆ ಒಂದು ಮರ ಸಾಕಿತ್ತು.

"ಅಜ್ಜಿ, ನಾ ದಿನಾ ಮೂರು ಸಾವಿರ ಅಡಿ ಕೆಳಗ ಇಳೀತೀನಿ. ಆ ಕತ್ತಲದಾಗ ಒಂದು ದೆವ್ವಾನೂ ನನ್ನ ಮಾತಾಡ್ಸಿಲ್ಲ."

"ನಗು ಯಪ್ಪಾ. ತುಟಿ ಒಡೆಯೋತನಕ ನಾನೂ ನಕ್ಕೀನಿ."

ಮರ ಬಿತ್ತು. ಸಿಂಧನೂರಿನ ಸಾಮಿಲ್ಲಿನ ಮಕ್ತುಮ್‌ಸಾಬ್ ಬಂದು ದಿಮ್ಮಿಯ ಮೇಲೆ ಕೈಯಾಡಿಸಿ, ತೊಗಟೆ ನುಂಗಿದ್ದ ಗಂಟೊಂದನ್ನು ತಟ್ಟಿ ಹಿಂದೆ ಸರಿದ. "ಮೊಳಿ ಬಡದ ಮರ ನಾವು ಕೊಯ್ಯಂಗಿಲ್ಲ."

"ದೆವ್ವಕ್ಕ ಅಂಜ್ತೀರೇನ್ರಿ ಸಾಬ್ರ?"

"ಮೊದಲು ಬ್ಲೇಡಿಗೆ ಅಂಜ್ತೀನಿ. ಆಮ್ಯಾಲೆ ಅದಕ್ಕ."

ಕನಕರಾಜ ತಾನೇ ಕೊಯ್ಯಲು ನಿಂತ. ಚೈನ್ ಗರಗಸ ತಂದು, ಕಬ್ಬಿಣದ ಚೌಕಟ್ಟಿಗೆ ಬಿಗಿದು, ದಿಮ್ಮಿಯ ಮೇಲೆ ಸರಿಸುತ್ತ ಹಲಗೆ ಬಿಡಿಸತೊಡಗಿದ. ಹಸಿ ಮರದ ಪುಡಿ ಕೈಗೆ ಒದ್ದೆಯಾಗಿ ಅಂಟಬೇಕು. ಇದು ಬೂದಿಯಂತೆ ಹಾರಿತು. ಬೇವಿನ ಕಹಿ ವಾಸನೆಯ ಅಡಿಯಲ್ಲಿ ಬತ್ತಿದ ಬಾವಿಯ ತಳದ ಕಮಟು ವಾಸನೆಯಿತ್ತು. ಕಾಲುವೆಗೆ ಬೇರು ಇಳಿಬಿಟ್ಟ ಮರ ಒಳಗೆ ಹೀಗೆ ಒಣಗಿದ್ದು ಹೇಗೆಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಗರಗಸದ ಸದ್ದಿನಲ್ಲಿ ಅದೂ ಮರೆತುಹೋಯಿತು.

ಗಂಟಿನ ಹತ್ತಿರ ಬಂದಾಗ ನಿಲ್ಲಿಸಿ, ಸುತ್ತ ಉಳಿಯಿಂದ ಕೆತ್ತಿ, ಇಕ್ಕಳ ಹಾಕಿ ಎಳೆದ. ಮೊಳೆ ಬಂತು. ತುಕ್ಕಿರಲಿಲ್ಲ. ಕಪ್ಪು ಕೂದಲು ನಿನ್ನೆ ಸುತ್ತಿದಂತೆ ಮಿರಮಿರನೆ ಹೊಳೆಯುತ್ತಿತ್ತು. ಕೂದಲನ್ನು ಬಿಡಿಸಿ, ಪುಡಿಯ ಗುಡ್ಡೆಗೆ ಎಸೆದು ಬೆಂಕಿ ಕೊಟ್ಟು, ಮೊಳೆಯನ್ನು ಕಿಸೆಗೆ ಹಾಕಿಕೊಂಡ. ಚರ್ಮ ಸುಟ್ಟ ವಾಸನೆ ಗದ್ದೆಗಳ ಮೇಲೆ ಹರಡಿತು.

ಹೊಸ್ತಿಲು ಕೂರಿಸಿದ ಮಧ್ಯಾಹ್ನ ಜ್ಯೋತಿ ಅಂದಳು, "ರೀ, ಹೊಸ್ತಿಲಿಗೆ ಒಂದು ಕಬ್ಬಿಣದ ಮೊಳಿ ಬಡೀರಿ. ಕೆಟ್ಟದ್ದು ಒಳಗ ಬರಬಾರದು." ಊರಲ್ಲಿ ಎಲ್ಲರೂ ಬಡಿಯುತ್ತಾರೆ. ಕನಕರಾಜನಿಗೆ ಕುಚೇಷ್ಟೆ ಹೊಳೆಯಿತು. ಕಿಸೆಯಿಂದ ಅದೇ ಮೊಳೆ ತೆಗೆದ. "ನಿಮ್ಮಜ್ಜಿ ದೆವ್ವಕ್ಕ ನಿಮ್ಮಜ್ಜಿ ಮೊಳಿನ ಸೈ."

ಒಂದು ಏಟು. ಎರಡು. ಮೂರನೆಯ ಏಟಿಗೆ ಮರದೊಳಗೆ ಯಾರೋ ಗುಟುಕು ನುಂಗಿದ ಸದ್ದಾಯಿತು. ಮೊಳೆ ಬೆರಳಗಲ ಹೊರಗೆ ಉಳಿದು, ಮತ್ತೆ ಇಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಅದೇ ಸದ್ದು ಬಂತು. ಗುಟಕ್. ಗುಟಕ್. ಕಿಟಕಿಗೆ ಇನ್ನೂ ತಗಡು ಮುಚ್ಚಿದ್ದ ಕೋಣೆ, ಹಗಲಲ್ಲೂ ಕತ್ತಲು. ಹಸಿ ಸಿಮೆಂಟಿನ ವಾಸನೆ. ಗೋಡೆಗೆ ಹೊಡೆಯಲು ತುಂಬಿಟ್ಟ ನೀರಿನ ಡ್ರಮ್ಮಿಗೆ ಆರು ವರ್ಷದ ಮಗಳು ಮಹಾಲಕ್ಷ್ಮಿ ಬಾಗಿದ್ದಳು.

"ಏನ್ ಮಾಡಾಕತ್ತೀಯವ್ವಾ?"

ಅವಳು ಕುಡಿಯುತ್ತಲೇ ಇದ್ದಳು. ಡ್ರಮ್ಮಿನ ನೀರು ಒಂದು ಗೇಣು ಇಳಿದಿತ್ತು. ಹಿಡಿದೆಳೆದ. ಮೈ ಕಾಗದದಂತೆ ಹಗುರ. ತುಟಿಗಳು ಒಡೆದಿದ್ದವು. ಅಳುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ.

"ಅಪ್ಪಾ, ಅದು ನನ್ನ ಬಾಯಿಂದ ಕುಡಿಯಾಕತ್ತೈತಿ."

ಮಗಳನ್ನು ಜ್ಯೋತಿಯ ಕೈಗೆ ಕೊಟ್ಟು ಕನಕರಾಜ ಹೊಸ್ತಿಲಿಗೆ ಓಡಿದ. ಮೊಳೆಗೆ ಇಕ್ಕಳ ಹಾಕಿ ಜಗ್ಗಿದ. ಇಕ್ಕಳ ಬಾಗಿತು. ಕಬ್ಬಿಣದ ಸಬ್ಬಲ್ ಹಾಕಿ ಮೀಟಿದ. ಕದಲಲಿಲ್ಲ. ಕೊಯ್ದು ಸತ್ತ ಹಲಗೆ ಮೊಳೆಯ ಸುತ್ತ ತುಟಿಯಂತೆ ಉಬ್ಬಿಕೊಂಡು ಹಿಡಿದಿತ್ತು.

ಕೋಲೂರುತ್ತ ಬಂದ ಪಕೀರಮ್ಮ ಮೊಳೆ ನೋಡಿ, ಒಳಗಿನ ಗುಟುಕಿನ ಸದ್ದು ಕೇಳಿ, ಹೊಸ್ತಿಲ ಹೊರಗೇ ಕೂತಳು. "ಕೂದಲ ಎಲ್ಲಿ?"

"ಸುಟ್ಟೆ."

"ಆ ಕೂದಲ ನೋಡಿ ಆ ದೆವ್ವ ಮರಾನೇ ನಾನು ಅನ್ಕೊಂಡು ಮರದ ನೀರು ಕುಡೀತಿತ್ತು. ಮರ ಕಾಲುವಿ ಕುಡೀತಿತ್ತು. ಹಲಗಿಗೆ ಬೇರೆಲ್ಲೈತಿ ಯಪ್ಪಾ? ಅದಕ್ಕ ಜೀವ ಇರೋದು ಬೇಕು. ಹತ್ತಿರ ಸಿಕ್ಕಿದ್ದನ್ನ ಹಿಡದೈತಿ. ಮೊಳಿಗೆ ಒಬ್ಬರ ಕೂದಲ ಸುತ್ತಿ ಬಡದ್ರ ಅವರನ್ನ ಹಿಡದು ಮಗೀನ ಬಿಡತೈತಿ." ನರೆತ ಜಡೆಯನ್ನು ಮುಂದಕ್ಕೆ ತಂದಳು. "ನಂದ ಸುತ್ತು."

"ಆಮ್ಯಾಲೆ?"

"ನನ್ನಾಗ ಎಷ್ಟು ನೀರೈತಿ? ನಾಕು ದಿನ. ಆಮ್ಯಾಲೆ ಮತ್ತ ನಿಮ್ಮ ಕಡೆ ತಿರುಗತೈತಿ."

ಒಳಗೆ ಡ್ರಮ್ ಉರುಳಿತು. ಖಾಲಿ ಡ್ರಮ್ಮಿನ ಸದ್ದು. ಜ್ಯೋತಿ ಮಗಳ ಹೆಸರು ಕೂಗಿದಳು. ಮತ್ತೆ ಕೂಗಿದಳು.

ಕನಕರಾಜ ಉಳಿ ತೆಗೆದುಕೊಂಡ. ನೆತ್ತಿಯ ಮೇಲಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕೊಯ್ದ. ಮೊಳೆಗೆ ಸುತ್ತಿದ. ಸುತ್ತಿಗೆ ಎತ್ತಿದ. ಒಂದೇ ಏಟು. ಮೊಳೆ ಕೆಸರಿಗೆ ಇಳಿದಂತೆ ಇಳಿಯಿತು. ಹಲಗೆ ಅದರ ಮೇಲೆ ಬಾಯಿ ಮುಚ್ಚಿತು.

ಒಳಗೆ ಮಹಾಲಕ್ಷ್ಮಿ ಅತ್ತಳು. ಈ ಸಲ ಕೆನ್ನೆ ಒದ್ದೆಯಾಗಿತ್ತು.

ಕನಕರಾಜನ ನಾಲಿಗೆ ಮೆಲ್ಲಗೆ ಅಂಗುಳಕ್ಕೆ ಅಂಟಿಕೊಂಡಿತು. "ಜ್ಯೋತಿ," ಎಂದ. "ಒಂದು ಚರಿಗಿ ನೀರು ತಾ."

ಅವಳು ತಂದಳು. ಇನ್ನೊಂದು ತರಲು ಹೇಳಿದ.

ಮನೆ ಮುಗಿದು ಈಗ ಎರಡು ವರ್ಷ. ಗಣಿಯ ಕೆಲಸ ಬಿಟ್ಟಿದ್ದಾನೆ. ಅಷ್ಟು ಆಳಕ್ಕೆ ಬೇಕಾಗುವಷ್ಟು ನೀರು ಹೊತ್ತು ಇಳಿಯಲಾಗುವುದಿಲ್ಲ. ಹೊಸ್ತಿಲ ಒಳಬದಿಗೆ ಕೊಡ ಇಟ್ಟುಕೊಂಡು ಕೂತಿರುತ್ತಾನೆ. ಕಾಲುವೆಗೆ ನೀರು ನಿಲ್ಲಿಸುವ ತಿಂಗಳುಗಳಲ್ಲಿ ಜ್ಯೋತಿ ಮಗಳನ್ನು ತುರ್ವಿಹಾಳದ ತಂಗಿಯ ಮನೆಗೆ ಕಳಿಸುತ್ತಾಳೆ.

ತಾಯಪ್ಪ ಕೊಟ್ಟಿದ್ದ ಮಾತು ನಡೆಯಿತು. ಅದಕ್ಕೆ ಮನೆಯಲ್ಲಿ ಜಾಗ ಸಿಕ್ಕಿತು.